ಹಳೇ ಫ್ರಿಜ್, ಒಂದು ರೂಪಾಯಿ ಶಾಂಪೂ, ಸೊನ್ನೆ ಬಿಲ್ಲು

ಸಾಮಾನು ಸಮಾಚಾರ: ಓದುಗರ ಪ್ರಶ್ನೆ, ರಿಪೇರಿಯವನ ಉತ್ತರ

ಮಿಕ್ಸಿ ಜಾರು ಸೋರುತ್ತಿದೆ, ಐರನ್ ಬಾಕ್ಸ್ ಕಾಯುತ್ತಿಲ್ಲ ಎಂಬ ಕಾಗದಗಳೇ ಈ ಅಂಕಣಕ್ಕೆ ಜಾಸ್ತಿ ಬರುವುದು. ಈ ಸಲ ಮಾತ್ರ ಬಹಳ ಜನ ಬೇರೆ ಥರ ಕೇಳಿದ್ದೀರಿ. ಯಾವ ಸಾಮಾನು ಕೊಂಡರೆ ಪರಿಸರಕ್ಕೆ ಪೆಟ್ಟು ಕಡಿಮೆ, ಯಾವುದನ್ನು ಬಿಡಬೇಕು ಎಂದು. ನಾನು ಶಿವಮೊಗ್ಗದಲ್ಲಿ ಟೆಸ್ಟರು, ಸ್ಪ್ಯಾನರು ಹಿಡಿದು ಕೂತವನು. ಬಿಚ್ಚಿ ನೋಡಿ ಗೊತ್ತಾದದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಬರೆದಿದ್ದೇನೆ. ಜಾರು ಸೋರುವವರು ಮುಂದಿನ ತಿಂಗಳವರೆಗೆ ತಾಳಿ.

ನಮ್ಮಲ್ಲಿ 2004ರಲ್ಲಿ ತಂದ ಎರಡು ಬಾಗಿಲಿನ ಫ್ರಿಜ್ ಇದೆ. ಇವತ್ತಿಗೂ ಐಸ್ ಕಟ್ಟುತ್ತದೆ. ಮಗ "ಇದು ಕರೆಂಟ್ ತಿನ್ನುತ್ತಮ್ಮ, ಫೈವ್ ಸ್ಟಾರ್ ತಗೋ" ಅಂತಾನೆ. ಚೆನ್ನಾಗಿರುವ ಸಾಮಾನನ್ನು ಬಿಸಾಡುವುದು ಪಾಪ ಅಲ್ವಾ?
— ಗೃಹಿಣಿ, ಹಾಸನ

ಅಮ್ಮಾ, ನಿಮ್ಮಿಬ್ಬರದೂ ಅರ್ಧರ್ಧ ಸರಿ. ಯಾವ ಸಾಮಾನೇ ಬರಲಿ, ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಇದರ ಭಾರ ಎಲ್ಲಿದೆ? ಮಾಡುವಾಗಲೋ, ಬಳಸುವಾಗಲೋ, ಬಿಸಾಡುವಾಗಲೋ?

ಫ್ರಿಜ್ಜಿನ ಭಾರ ಬಳಸುವಾಗ. ಹಗಲು ರಾತ್ರಿ ಪ್ಲಗ್ಗಿನಲ್ಲೇ ಇರುತ್ತದಲ್ಲ. ಅದನ್ನು ಮಾಡುವಾಗ ಕಾರ್ಖಾನೆಯಿಂದ ಬಂದ ಹೊಗೆಗಿಂತ, ಅಂದರೆ ಭೂಮಿ ಬಿಸಿ ಮಾಡುವ ಗ್ಯಾಸಿಗಿಂತ, ಇಪ್ಪತ್ತು ವರ್ಷ ಅದಕ್ಕೆ ಉಣಿಸಿದ ಕರೆಂಟಿನ ಹೊಗೆ ಎಷ್ಟೋ ಪಾಲು ಜಾಸ್ತಿ. ಮೊಬೈಲ್ ಫೋನಿನ ಕತೆ ಇದಕ್ಕೆ ತಿರುಗುಮುರುಗು. ಅದಕ್ಕೆ ಬೇಕಾದ ಕರೆಂಟ್ ಚೂರೇ ಚೂರು. ದೊಡ್ಡ ಕಂಪನಿಗಳೇ ಕೊಡುವ ಲೆಕ್ಕದಲ್ಲಿ, ಒಂದು ಫೋನಿನ ಹೊಗೆಯಲ್ಲಿ ಮುಕ್ಕಾಲು ಪಾಲಿನಷ್ಟು ಅದು ಅಂಗಡಿಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಹಾಗಾಗಿ ಫೋನನ್ನು ಎಷ್ಟು ವರ್ಷ ಎಳೆದರೂ ಒಳ್ಳೆಯದೇ. ಫ್ರಿಜ್ಜಿಗೆ ಆ ಮಾತು ಸಲ್ಲುವುದಿಲ್ಲ.

ಹಾಗಂತ ನಾಳೆಯೇ ಷೋರೂಮಿಗೆ ಓಡಬೇಡಿ. ಅಳೆದು ನೋಡಿ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಚಿಕ್ಕ ಮೀಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹಾಕಿ ಒಂದು ಪೂರ್ತಿ ದಿನ ಬಿಡಿ. ಅದಕ್ಕೂ ಮೊದಲು ಎರಡು ಕೆಲಸ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲ ರಬ್ಬರ್ ಸತ್ತಿದೆ, ಬದಲಿಸಿ. ಹಿಂದುಗಡೆ ಕಪ್ಪು ಜಾಲರಿ ಇದ್ದರೆ ಅದಕ್ಕೆ ಮೆತ್ತಿದ ದೂಳು ಒರೆಸಿ, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಇಷ್ಟಾದ ಮೇಲೂ ಮೀಟರು ದಿನಕ್ಕೆ ಒಂದೂವರೆ ಯೂನಿಟ್ ತೋರಿಸಿತು ಅಂದುಕೊಳ್ಳಿ. ವರ್ಷಕ್ಕೆ ಸುಮಾರು 550 ಆಯಿತು. ಹೊಸದರ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ 220 ಎಂದಿದ್ದರೆ ಮಗನ ಮಾತು ಕೇಳಿ. ಹೊಸ ಫ್ರಿಜ್ ಮಾಡಲು ಆದ ಹೊಗೆ ಕೆಲವೇ ವರ್ಷಗಳಲ್ಲಿ ತೀರುತ್ತದೆ. ಮುಕ್ಕಾಲು ಯೂನಿಟ್ ತೋರಿಸಿದರೆ ನಿಮ್ಮ ಹಳೇ ಫ್ರಿಜ್ಜೇ ಇರಲಿ. ಚೀಟಿಯಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಯೂನಿಟ್ಟಿನ ಸಂಖ್ಯೆ ಓದಿ. ದೊಡ್ಡ ಫ್ರಿಜ್ಜಿನ ಐದು ನಕ್ಷತ್ರ, ಚಿಕ್ಕದರ ಮೂರು ನಕ್ಷತ್ರಕ್ಕಿಂತ ಜಾಸ್ತಿ ಕರೆಂಟ್ ತಿನ್ನಬಹುದು.

ಕೊಡುವಾಗ ಒಂದು ಎಚ್ಚರ. ಹಿಂದುಗಡೆಯ ಫಲಕದಲ್ಲಿ ಗ್ಯಾಸಿನ ಹೆಸರಿರುತ್ತದೆ. ಆ ಕಾಲದ ಬಹಳ ಫ್ರಿಜ್ಜುಗಳಲ್ಲಿ ಆರ್-134ಎ ಇತ್ತು. ಅದರ ಒಂದು ಕಿಲೋ ಗಾಳಿಗೆ ಹೋದರೆ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಫ್ರಿಜ್ಜಿನಲ್ಲಿ ಇರುವುದು ನೂರು ಚಿಲ್ಲರೆ ಗ್ರಾಮ್ ಅಷ್ಟೇ. ಆದರೂ ಗುಜರಿಯವನು ತಾಮ್ರದಾಸೆಗೆ ಪೈಪ್ ಕತ್ತರಿಸಿದ ಕ್ಷಣದಲ್ಲಿ ನೂರೈವತ್ತು ಕಿಲೋದಷ್ಟು ಹೊಗೆ ಬಿಟ್ಟ ಹಾಗೆ. ಹೊಸ ಫ್ರಿಜ್ಜುಗಳ ಆರ್-600ಎ ಗ್ಯಾಸಿಗೆ ಈ ಕಾಟ ಇಲ್ಲವೆಂದರೂ ಆದೀತು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಹಳೇ ಫ್ರಿಜ್ಜುಗಳ ವಿಲೇವಾರಿಯ ಹೊಣೆ ತಯಾರಕರದ್ದು. ಎಕ್ಸ್‌ಚೇಂಜ್ ಮಾಡುವಾಗ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಕೇಳಿದರೆ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಇನ್ನೊಂದು. ಹಳೇದನ್ನು "ನೀರಿನ ಬಾಟಲಿ ಇಡೋಕೆ ಆಯ್ತು" ಎಂದು ಮಹಡಿಗೆ ಸಾಗಿಸಬೇಡಿ. ಆಗ ಮನೆಯಲ್ಲಿ ಎರಡು ಫ್ರಿಜ್ ಓಡುತ್ತವೆ. ನಾನು ನೋಡಿದ ಮನೆಗಳಲ್ಲಿ ಬಹುಪಾಲು ಆಗುವುದು ಇದೇ.

ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲು ಸೊನ್ನೆ ಬರುತ್ತಿದೆ. ಮೂರು ಸಾವಿರ ಕೊಟ್ಟು ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಯಾಕೆ ಹಾಕಿಸಬೇಕು? ಅಷ್ಟಕ್ಕೂ ನಮ್ಮದು ಶರಾವತಿಯ ಕರೆಂಟು, ಹೊಗೆ ಎಲ್ಲಿಂದ ಬಂತು?
— ಓದುಗರು, ಭದ್ರಾವತಿ

ಸ್ವಾಮಿ, ಜೋಗ ಹತ್ತಿರ ಇದೆ ಅಂತ ನಮ್ಮ ತಂತಿಗೆ ಶರಾವತಿಯೊಂದೇ ಬರುವುದಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟ ಕರೆಂಟೂ ಅದೇ ಜಾಲದಲ್ಲಿ ಬರುತ್ತದೆ. ಅದೊಂದೇ 1,720 ಮೆಗಾವಾಟಿನ ಸ್ಥಾವರ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ, ರೈಲಿನಲ್ಲಿ ಹೊರಗಿನಿಂದ ತರಿಸಬೇಕು. ಇಡೀ ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್.

ಹಳೇ ಫ್ಯಾನು 75 ವಾಟ್, ಬಿಎಲ್‌ಡಿಸಿ 30 ವಾಟ್. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ 162 ಯೂನಿಟ್ ಉಳಿತಾಯ. ಹೊಗೆಯ ಲೆಕ್ಕದಲ್ಲಿ ನೂರು ಕಿಲೋ ದಾಟುತ್ತದೆ. ಬಿಲ್ಲು ಸೊನ್ನೆ ಬಂದರೂ ಕಲ್ಲಿದ್ದಲು ಉರಿದೇ ಉರಿಯಿತು, ಅದರ ದುಡ್ಡನ್ನು ಸರ್ಕಾರ ಕಟ್ಟಿತು ಅಷ್ಟೇ. ಇನ್ನು ಸ್ವಂತ ಲಾಭವೇ ಬೇಕೆಂದರೆ ಅದೂ ಇದೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮ ತಲೆ ಮೇಲೆ. ಭದ್ರಾವತಿಯ ಏಪ್ರಿಲ್ ಸೆಖೆ ನಾನು ಹೇಳಬೇಕಾ?

ಎಲ್ಲ ಫ್ಯಾನುಗಳನ್ನೂ ಕಿತ್ತು ಹಾಕಬೇಡಿ. ಜಾಸ್ತಿ ತಿರುಗುವುದು ನಡುಮನೆಯದೋ, ಮಲಗುವ ಕೋಣೆಯದೋ ನೋಡಿ ಅದೊಂದನ್ನು ಬದಲಿಸಿ. ನೆಂಟರ ಕೋಣೆಯ ಫ್ಯಾನು ನಿಧಾನವಾಗಿದ್ದರೆ 2.5 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿಸಿದರೆ ಸಾಕು. ಬಿಎಲ್‌ಡಿಸಿಯಲ್ಲಿ ಒಂದು ತೊಂದರೆ, ಒಳಗಿನ ಬೋರ್ಡು. ಗುಡುಗು ಮಿಂಚಿಗೆ, ವೋಲ್ಟೇಜ್ ಏರಿದ್ದಕ್ಕೆ ಸುಟ್ಟು ನಮ್ಮಲ್ಲಿಗೆ ಬರುತ್ತವೆ. ಬೋರ್ಡು ಬಿಡಿಯಾಗಿ ಸಿಗುತ್ತದಾ ಎಂದು ಕೇಳಿಯೇ ಕೊಳ್ಳಿ. ಸೀಲಿಂಗ್ ಫ್ಯಾನಿಗೂ 2023ರ ಜನವರಿಯಿಂದ ಸ್ಟಾರ್ ಚೀಟಿ ಕಡ್ಡಾಯ, ಅದನ್ನೂ ನೋಡಿ.

ನಿಮ್ಮದು ರಿಪೇರಿ ಅಂಗಡಿ. ಅದಕ್ಕೇ ತಿಂಗಳು ತಿಂಗಳು "ರಿಪೇರಿ ಮಾಡಿಸಿ" ಅಂತೀರಿ. 600 ಕೊಟ್ಟು ಹಳೇ ಮಿಕ್ಸಿ ರಿಪೇರಿ ಮಾಡಿಸುವ ಬದಲು 1,800ಕ್ಕೆ ಹೊಸದು ಬರುತ್ತಲ್ಲ!
— ಹೆಸರು ಬೇಡ, ದಾವಣಗೆರೆ

ಹೌದು, ಹೊಟ್ಟೆಪಾಡು. ಮುಚ್ಚಿಡುವುದೇನಿದೆ? ಆದರೆ ಮೇಲೆ ಹಾಸನದ ಅಮ್ಮನಿಗೆ ಫ್ರಿಜ್ ಬದಲಿಸಲೂಬಹುದು ಎಂದವನೂ ನಾನೇ. ಟ್ಯಾಂಕು ತೂತು ಬಿದ್ದ ಗೀಜರನ್ನು ನಾನು ಮುಟ್ಟುವುದಿಲ್ಲ. ಹಳೇ ಫ್ರಿಜ್ಜಿನ ಕಂಪ್ರೆಸರ್ ಹೋಗಿದ್ದರೆ ಬೇಡ ಎಂದು ವಾಪಸ್ ಕಳಿಸುತ್ತೇನೆ.

ಮಿಕ್ಸಿ ಬೇರೆ ಲೆಕ್ಕ. 750 ವಾಟ್ ಎಂದು ಬರೆದಿದ್ದರೂ ದಿನಕ್ಕೆ ಓಡುವುದು ಕಾಲು ಗಂಟೆ. ವರ್ಷಕ್ಕೆ 70 ಯೂನಿಟ್ಟೂ ಆಗದು. ಹೊಸದು ತಂದರೂ ಅದರಲ್ಲಿ ಉಳಿಯುವುದು ಚೂರೇ, ತಾಮ್ರ, ಉಕ್ಕು, ಪ್ಲಾಸ್ಟಿಕ್‌ನ ಭಾರ ಮಾತ್ರ ಹೊಸದಾಗಿ ಬೀಳುತ್ತದೆ. ಇಂಥದ್ದನ್ನು ಆದಷ್ಟು ವರ್ಷ ಓಡಿಸಬೇಕು. ಮಿಕ್ಸಿಯಲ್ಲಿ ಹೋಗುವುದೂ ಚಿಲ್ಲರೆ ಭಾಗಗಳೇ: ತಳದ ಕಪ್ಲರ್, ಕಾರ್ಬನ್ ಬ್ರಷ್, ಜಾರಿನ ಬುಷ್. ಇವಕ್ಕೆ 600 ಯಾರಾದರೂ ಕೇಳಿದರೆ ಎದ್ದು ಬನ್ನಿ. 600 ಆಗುವುದು ಮೋಟಾರ್ ಸುತ್ತಿಸಬೇಕಾದಾಗ. ಆಗ ತಾಮ್ರದ ತಂತಿಯೇ ಹಾಕುತ್ತಾರಾ ಎಂದು ಕೇಳಿ. ಅಲ್ಯೂಮಿನಿಯಂ ಸುತ್ತಿದರೆ ಇಡ್ಲಿ ಹಿಟ್ಟಿಗೆ ನಿಲ್ಲುವುದಿಲ್ಲ. ನೀವು ಹೇಳಿದ 1,800ರ ಹೊಸ ಮಿಕ್ಸಿಗಳಲ್ಲೂ ಎಷ್ಟೋ ಸಲ ಅದೇ ಅಲ್ಯೂಮಿನಿಯಂ ಇರುತ್ತದೆ. ಬಿಚ್ಚಿದ ಮೇಲೆ ಗೊತ್ತಾಗುತ್ತದೆ.

ನನ್ನ ಸಿಟ್ಟು ಗಿರಾಕಿಯ ಮೇಲಲ್ಲ, ಬಿಚ್ಚಲಾಗದ ಹಾಗೆ ಮಾಡುವವರ ಮೇಲೆ. ಮೊದಲು ನಾಲ್ಕು ಸ್ಕ್ರೂ ಇದ್ದ ಕಡೆ ಈಗ ಅಂಟು. ಬಿಡಿಭಾಗ ಕೇಳಿದರೆ "ಪೂರ್ತಿ ಸೆಟ್ ತಗೊಳ್ಳಿ" ಎನ್ನುತ್ತಾರೆ. ಫ್ರಾನ್ಸ್‌ನಲ್ಲಿ 2021ರಲ್ಲೇ ವಾಷಿಂಗ್ ಮಷಿನ್, ಫೋನ್, ಟಿವಿಗಳ ಮೇಲೆ ಅದು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಎಂದು ಹತ್ತಕ್ಕೆ ಅಂಕ ಹಾಕಿ ಮಾರಬೇಕು ಎಂಬ ನಿಯಮ ಬಂತು. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಚಿಕ್ಕ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು ಎಂಬ ನಿಯಮ ಬರುತ್ತಿದೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದಿದೆ, ಕಂಪನಿಗಳು ಕೈಪಿಡಿ, ಬಿಡಿಭಾಗದ ಮಾಹಿತಿ ಹಾಕಲೆಂದು. ಕೊಳ್ಳುವ ಮೊದಲು ಅಲ್ಲಿ ಒಮ್ಮೆ ಇಣುಕಿ. ಬೆಂಗಳೂರಿನವರಿಗೆ ಇನ್ನೊಂದು ದಾರಿ ಇದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ರಿಪೇರಿ ಕೆಫೆ 2015ರಿಂದ ಬೆಂಗಳೂರಲ್ಲೂ ನಡೆಯುತ್ತಿದೆ. ಸಾಮಾನು ಒಯ್ದು, ಗೊತ್ತಿರುವವರ ಪಕ್ಕ ಕೂತು ನೀವೇ ರಿಪೇರಿ ಮಾಡುವುದು. ನನ್ನ ಹೊಟ್ಟೆಪಾಡಿಗೆ ಕಲ್ಲು ಬೀಳುವ ವಿಚಾರ, ಆದರೂ ಹೇಳಿದ್ದೇನೆ ನೋಡಿ.

ಬೆಳ್ಳಂದೂರು ಕೆರೆಯ ನೊರೆ ನೋಡಿದ ಮೇಲೆ ಬಟ್ಟೆ ಪುಡಿ ಹಾಕಲು ಕೈ ಬರುತ್ತಿಲ್ಲ. ವಾಷಿಂಗ್ ಮಷಿನ್‌ಗೆ ಅಂಟುವಾಳ ಹಾಕಬಹುದೇ? ನಮ್ಮದು ಬೋರ್ ನೀರು.
— ಶಿಕ್ಷಕಿ, ಚಿಕ್ಕಬಳ್ಳಾಪುರ

ಮೇಡಂ, 2015ರಲ್ಲಿ ಬೆಳ್ಳಂದೂರಿನ ನೊರೆ ರಸ್ತೆಗೆ ಬಂದದ್ದೂ ಅದಕ್ಕೆ ಬೆಂಕಿ ಹತ್ತಿದ್ದೂ ನನಗೂ ನೆನಪಿದೆ. ಸೋಪಿನ ಪುಡಿಯ ನೊರೆ ಕೊಡುವ ಅಂಶ ಗಾಳಿ ಆಡುವ ನೀರಿನಲ್ಲಿ ಕ್ರಮೇಣ ಕೊಳೆತು ಹೋಗುತ್ತದೆ. ಚರಂಡಿ ನೀರೇ ತುಂಬಿ ಆಮ್ಲಜನಕ ಸತ್ತ ಕೆರೆಯಲ್ಲಿ ಅದು ಕೊಳೆಯುವುದಿಲ್ಲ, ಕೆಸರಿನಲ್ಲಿ ಕೂರುತ್ತದೆ. ಜೋರು ಮಳೆ ಬಂದು ಕೆಸರು ಕದಡಿದಾಗ ನೊರೆ ಏಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ಅಲ್ಲಿನ ನೀರು ಪರೀಕ್ಷಿಸಿ ಇದನ್ನು ಹೇಳಿದ್ದಾರೆ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಕೆರೆಯ ಕಳೆಗೆ ಗೊಬ್ಬರ. ಯುರೋಪಿನಲ್ಲಿ 2013ರ ಜೂನ್‌ನಿಂದ ಮನೆ ಬಟ್ಟೆ ಪುಡಿಯಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ.

ಆ ಕಡೆಯ ಪುಸ್ತಕಗಳಲ್ಲಿ "ಬಟ್ಟೆ ತಣ್ಣೀರಲ್ಲಿ ಒಗೆಯಿರಿ" ಎಂಬುದೇ ದೊಡ್ಡ ಸಲಹೆ. ಅವರು ನೀರು ಕಾಯಿಸಿ ಒಗೆಯುವವರು, ಭಾರ ಕರೆಂಟಿನಲ್ಲಿದೆ. ನಾವು ಹೇಗೂ ತಣ್ಣೀರಿನವರು. ನಮ್ಮ ಭಾರ ಹೊರಗೆ ಹೋಗುವ ನೀರಿನಲ್ಲಿ. ಅದಕ್ಕೆ ನಮ್ಮ ಮದ್ದು ಪುಡಿ ಕಡಿಮೆ ಮಾಡುವುದು.

ಮಷಿನ್ ಬಿಚ್ಚುವವನಾಗಿ ಹೇಳುತ್ತೇನೆ, ಬಹಳ ಮನೆಗಳಲ್ಲಿ ಪುಡಿ ವಿಪರೀತ. ಡ್ರಮ್ಮಿನ ಹಿಂದೆ ಸುಣ್ಣದ ಜೊತೆ ಕಲೆತು ಗಾರೆಯ ಹಾಗೆ ಕೂತಿರುತ್ತದೆ. ಬಾಗಿಲ ರಬ್ಬರಿನಲ್ಲಿ ಕಪ್ಪು ಬೂಷ್ಟು, ಬಟ್ಟೆಗೆ ಮುಗ್ಗಲು ವಾಸನೆ. ಆಗ ಜನ ಇನ್ನೂ ಒಂದು ಚಮಚ ಜಾಸ್ತಿ ಹಾಕುತ್ತಾರೆ! ಪ್ಯಾಕೆಟ್ಟಿನ ಅಳತೆಯ ಅರ್ಧದಿಂದ ಶುರು ಮಾಡಿ. ಬಟ್ಟೆ ಶುಭ್ರವಾಗಿ ಬಂದರೆ ಅದೇ ನಿಮ್ಮ ಅಳತೆ. ನಿಮ್ಮದು ಗಡಸು ನೀರು, ಸ್ವಲ್ಪ ಜಾಸ್ತಿ ಬೇಕಾದೀತು. ಮಳೆ ನೀರು ಹಿಡಿಯುವ ತೊಟ್ಟಿ ಇದ್ದರೆ ಆ ನೀರಿನಲ್ಲಿ ಒಗೆದು ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಅಂಟುವಾಳ ಹಾಕಬಹುದು. ಬೀಜ ತೆಗೆದು, ಸಿಪ್ಪೆಯನ್ನು ಚಿಕ್ಕ ಬಟ್ಟೆ ಚೀಲದಲ್ಲಿ ಕಟ್ಟಿ ಬಟ್ಟೆಗಳ ಜೊತೆಗೇ ಬಿಡಿ. ಬಣ್ಣದ ಬಟ್ಟೆ, ರೇಷ್ಮೆಗೆ ಚೆನ್ನ. ಶಾಲೆ ಯೂನಿಫಾರ್ಮಿನ ಬಿಳಿ ಷರಟಿಗೆ ಸಾಲದು, ಮಂಕಾಗುತ್ತದೆ. ಗಿಡದಿಂದ ಬಂದದ್ದು ಎಂದು ಕೆರೆಗೆ ಬಿಡಬೇಡಿ, ಅಂಟುವಾಳದ ನೊರೆಯೂ ಮೀನಿಗೆ ವಿಷವೇ. ಆ ನೀರನ್ನು ಬಾಳೆ ಬುಡಕ್ಕೆ ಹಾಕಿ.

ನನ್ನದು ಚಿಕ್ಕ ಕಿರಾಣಿ ಅಂಗಡಿ. ಶಾಂಪೂ ಸ್ಯಾಚೆಯ ಸರ ನೇತು ಹಾಕಿದ್ದೇನೆ. ಮಗಳು ಶಾಲೆಯಲ್ಲಿ ಪಾಠ ಕೇಳಿ ಬಂದು "ಅಪ್ಪಾ, ಇದನ್ನು ಮಾರಬೇಡ" ಅಂತ ಜಗಳ ತೆಗೆದಿದ್ದಾಳೆ. ಮಾರದಿದ್ದರೆ ವ್ಯಾಪಾರ ಹೋಗುತ್ತೆ.
— ವ್ಯಾಪಾರಿ, ರಾಣೆಬೆನ್ನೂರು

ಮಗಳಿಗೆ ಭೇಷ್ ಅನ್ನಿ, ಆದರೆ ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಎಂಬುವರು ಶಾಂಪೂವನ್ನು ಸ್ಯಾಚೆಗೆ ತುಂಬಿದ್ದು, ಕೂಲಿ ಮಾಡುವವರೂ ಕೊಳ್ಳುವಂತಿರಲಿ ಎಂದು. ದಿನಗೂಲಿಯವರ ಕೈಯಲ್ಲಿ ಇವತ್ತಿನ ದುಡ್ಡು ಇವತ್ತಿಗೆ. ನೂರೈವತ್ತರ ಬಾಟಲಿ ತಗೊಳ್ಳಿ ಎಂದು ಅವರಿಗೆ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸ್ಯಾಚೆಯ ಭಾರ ಇರುವುದು ಬಿಸಾಡುವಾಗ. ಎರಡು ಮೂರು ಬಗೆಯ ತೆಳು ಪದರಗಳನ್ನು, ಕೆಲವದರಲ್ಲಿ ಅಲ್ಯೂಮಿನಿಯಂ ಸಹ, ಒಂದರ ಮೇಲೊಂದು ಅಂಟಿಸಿರುತ್ತಾರೆ. ಬೇರೆ ಮಾಡಲು ಬರುವುದಿಲ್ಲ, ಹಾಗಾಗಿ ಗುಜರಿಯವರು ಹೆಕ್ಕುವುದಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಬೆಲೆ ಇದೆ, ಇದಕ್ಕಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯುತ್ತದೆ. ಇಲ್ಲದಿದ್ದರೆ ನಿಮ್ಮ ಅಂಗಡಿ ಎದುರಿನ ಚರಂಡಿ.

ಒಂದು ವಿಚಿತ್ರ ಲೆಕ್ಕ ಮಗಳ ಕೈಯಲ್ಲೇ ಮಾಡಿಸಿ. ಸ್ಯಾಚೆಯ ಬೆಲೆಯನ್ನು ಒಳಗಿರುವ ಮಿಲಿಗೆ ಭಾಗಿಸಿ, ಬಾಟಲಿಯದನ್ನೂ ಹಾಗೇ ಮಾಡಿ. ಎಷ್ಟೋ ಶಾಂಪೂಗಳಲ್ಲಿ ಸ್ಯಾಚೆಯೇ ಅಗ್ಗ ಬರುತ್ತದೆ. ಸಕ್ಕರೆ, ಬೇಳೆಯಲ್ಲಿ ಜಾಸ್ತಿ ಕೊಂಡವರಿಗೆ ಅಗ್ಗ, ಶಾಂಪೂವಿನಲ್ಲಿ ಉಲ್ಟಾ. ಈ ಬೆಲೆ ಇಟ್ಟವರು ನೀವಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆ ನಿಷೇಧವಾದಾಗ ಶಾಂಪೂ ಸ್ಯಾಚೆ ಆ ಪಟ್ಟಿಗೆ ಸೇರಲಿಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲಾಕ್ಕೆ ಮಾತ್ರ ಪ್ಲಾಸ್ಟಿಕ್ ಸ್ಯಾಚೆ 2016ರ ನಿಯಮದಲ್ಲೇ ನಿಷಿದ್ಧ. ತುಂಬಿ ಮಾರುವ ಕಂಪನಿ ಅಷ್ಟೇ ತೂಕದ ಕಸ ವಾಪಸ್ ಎತ್ತಿಸುವ ಹೊಣೆ ಹೊರಬೇಕು ಎಂಬ ಕಾನೂನು ಇದೆ. ನಿಮ್ಮ ಊರಿನ ಚರಂಡಿಯವರೆಗೆ ಅದು ಬಂದಿದೆಯಾ ನೀವೇ ನೋಡಿ ಹೇಳಿ.

ನಿಮ್ಮ ಕೈಲಾಗುವುದು: ಪಾತ್ರೆ ತೊಳೆಯುವ, ನೆಲ ಒರೆಸುವ ದ್ರವವನ್ನು ಕ್ಯಾನಿನಲ್ಲಿ ತರಿಸಿ, ಗಿರಾಕಿ ತಂದ ಬಾಟಲಿಗೆ ಹತ್ತು ಇಪ್ಪತ್ತು ರೂಪಾಯಿಗೆ ಅಳೆದು ಕೊಡಿ. ಅಂಗಡಿ ಮುಂದೆ ಖಾಲಿ ಸ್ಯಾಚೆಗೆ ಒಂದು ಡಬ್ಬ ಇಟ್ಟು ನಗರಸಭೆಯ ಒಣ ಕಸದ ಗಾಡಿಗೆ ಕೊಡಿ. ಡಬ್ಬದ ಉಸ್ತುವಾರಿ ಮಗಳಿಗೇ ಇರಲಿ.

ಹತ್ತಿ ಚೀಲ ಒಳ್ಳೆಯದೋ, ಸೆಣಬಿನದೋ? ಆನ್‌ಲೈನ್‌ನಲ್ಲಿ ಒಂದು ಸೆಟ್ ನೋಡಿದ್ದೇನೆ.
— ಐಟಿ ಉದ್ಯೋಗಿ, ಬೆಂಗಳೂರು

ಕೊಳ್ಳಬೇಡಿ. ನಿಮ್ಮ ಮನೆಯ ಬೀರುವಿನಲ್ಲಿ ಮದುವೆಗಳ ತಾಂಬೂಲದ ಚೀಲ ಎಷ್ಟಿವೆ, ತೆಗೆದು ನೋಡಿ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿತ್ತು. ಬರೀ ಹವಾಮಾನದ ಮಟ್ಟಿಗೆ ನೋಡಿದರೂ ಒಂದು ಹತ್ತಿ ಚೀಲವನ್ನು 52 ಸಲ ಬಳಸಿದರೆ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ. ನೀರು, ರಾಸಾಯನಿಕ ಎಲ್ಲ ಸೇರಿಸಿದರೆ 7,100 ಸಲ. ಅಲ್ಲಿ ಹಳೇ ಚೀಲ ಬೀದಿಗೆ ಬೀಳುವುದಿಲ್ಲ, ಒಲೆಗೆ ಹೋಗಿ ಕರೆಂಟ್ ಆಗುತ್ತದೆ. ನಮ್ಮಲ್ಲಿ ಹಸುವಿನ ಹೊಟ್ಟೆಗೆ ಹೋಗುತ್ತದೆ, ಅದಕ್ಕೆ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಇರುವ ಚೀಲ ಗಾಡಿಯ ಡಿಕ್ಕಿಯಲ್ಲಿಡಿ. ಮರೆಯುವುದೇ ಅಸಲಿ ಸಮಸ್ಯೆ.

ಜಗತ್ತಿನ ಜನ 800 ಕೋಟಿ ದಾಟಿದ್ದಾರೆ. ಎಲ್ಲರಿಗೂ ಫ್ರಿಜ್, ಎಸಿ ಬೇಕು. ನಾವೊಂದಿಬ್ಬರು ಫ್ಯಾನ್ ಬದಲಿಸಿದರೆ ಏನಾಗುತ್ತೆ ಸರ್?
— ಪದವಿ ವಿದ್ಯಾರ್ಥಿ, ಕಲಬುರಗಿ

ತಮ್ಮಾ, ಕಲಬುರಗಿಯ ಮೇ ತಿಂಗಳಲ್ಲಿ ಮೊದಲ ಸಲ ಫ್ರಿಜ್ ತರುವ ಮನೆಗೆ ಬೇಡ ಅನ್ನಲು ನಾನ್ಯಾರು? ತರಲಿ. ತರುವ ಆ ಫ್ರಿಜ್ಜೇ ಒಳ್ಳೆಯದಿರಬೇಕು. ಅದು ಗಿರಾಕಿಯ ಬುದ್ಧಿಯಿಂದ ಆಗುವುದಕ್ಕಿಂತ ನಿಯಮದಿಂದ ಬೇಗ ಆಗುತ್ತದೆ. ಎಲ್‌ಇಡಿ ಬಲ್ಬ್ ನೋಡಿ. 2014ರ ಸುಮಾರಿಗೆ ಸರ್ಕಾರಕ್ಕೇ ಒಂದಕ್ಕೆ 310 ರೂಪಾಯಿ ಬೀಳುತ್ತಿತ್ತು. 2015ರಲ್ಲಿ ಉಜಾಲಾ ಯೋಜನೆ ಶುರುವಾಗಿ ಒಟ್ಟಿಗೆ ಕೋಟಿಗಟ್ಟಲೆ ಕೊಂಡರು. 2016ಕ್ಕೆ ಬೆಲೆ 38 ರೂಪಾಯಿಗೆ ಇಳಿಯಿತು. 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿದರು. ನಮ್ಮ ಅಂಗಡಿಯಲ್ಲಿ ಬುರುಡೆ ಬಲ್ಬ್ ಕೇಳುವವರೇ ಇಲ್ಲ ಈಗ. ಯಾರೂ ಭಾಷಣ ಮಾಡಬೇಕಾಗಲಿಲ್ಲ. ಎಸಿಗೂ ಹಾಗೇ, 2020ರಿಂದ ಹೊಸ ಎಸಿಗಳು ತಾವಾಗಿ 24 ಡಿಗ್ರಿಗೆ ಶುರುವಾಗಬೇಕು ಎಂಬ ನಿಯಮ ಬಂತು.

ಆದರೆ ಒಂದು ಕೊಕ್ಕೆ ಇದೆ. ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಗಮನಿಸಿದ್ದ. ಉಗಿ ಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದ ಮೇಲೆ ದೇಶದ ಒಟ್ಟು ಕಲ್ಲಿದ್ದಲ ಬಳಕೆ ಏರಿತು, ಯಾಕೆಂದರೆ ಯಂತ್ರಗಳೇ ಜಾಸ್ತಿಯಾದವು. ಎಲ್‌ಇಡಿ ಅಗ್ಗವಾದ ಮೇಲೆ ನಮ್ಮ ಊರಿನ ಗಣಪತಿ ಪೆಂಡಾಲು, ಅಂಗಡಿ ಬೋರ್ಡು, ಮನೆಯ ಪಿಒಪಿ ಸೀಲಿಂಗು ನೋಡಿ. ಒಂದು ಬಲ್ಬಿದ್ದ ಕೋಣೆಯಲ್ಲಿ ಹದಿನಾಲ್ಕು. ನಿಯಮ ಸಾಮಾನನ್ನು ಒಳ್ಳೆಯದು ಮಾಡೀತು, ಮನೆಗೆ ಎಷ್ಟು ಬೇಕು ಎಂದು ಹೇಳಲಾರದು. ಮೂವರ ಮನೆಗೆ 500 ಲೀಟರ್ ಫ್ರಿಜ್ ಯಾಕೆ ಎಂದು ನಾನು ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮನೆಯಲ್ಲಿ ನೀನು ಕೇಳಿದರೆ ಅಪ್ಪ ಒಂದು ಬೈದಾರು, ಆಮೇಲೆ ಯೋಚಿಸಿಯಾರು.

ಬಚ್ಚಲ ಹಂಡೆ ಒಲೆ ತೆಗೆಸಿ ಗೀಜರ್ ಹಾಕಿಸಬೇಕೆಂದು ಸೊಸೆಯ ಹಟ. ಯಾವುದು ವಾಸಿ?
— ಅಡಿಕೆ ಬೆಳೆಗಾರರು, ಸಾಗರ

ಏನು ಉರಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ ಯಜಮಾನರೇ. ತೋಟದ ಒಣ ಅಡಿಕೆ ಸಿಪ್ಪೆ, ತೆಂಗಿನ ಗರಿಯಾದರೆ ಹಂಡೆ ಇರಲಿ, ಹೇಗೂ ಕೊಳೆಯುವ ಸಾಮಾನು. ಬೆಟ್ಟದಿಂದ ಹಸಿ ಕಟ್ಟಿಗೆ ಕಡಿದು ತರುವುದಾದರೆ ಗೀಜರೇ ವಾಸಿ. ಸೋಲಾರ್ ಹಾಕಿಸಿದರೆ ಎಂಟು ತಿಂಗಳಿಗೆ ಆಯಿತು, ಸಾಗರದ ಮಳೆಗಾಲಕ್ಕೆ ಮತ್ತೆ ಹಂಡೆಯೇ ಗತಿ. ಸೊಸೆಯ ಹಟ ಹೊಗೆಗಿರಬೇಕು, ಕೇಳಿ ನೋಡಿ. ಕಣ್ಣುರಿಸಿಕೊಂಡು ಒಲೆ ಊದುವವರು ಅವರೇ ತಾನೇ? ಹಾಗಿದ್ದರೆ ಒಲೆಗೆ ಸರಿಯಾದ ಹೊಗೆ ಕೊಳವೆ ಕೂರಿಸಿ, ಸಿಪ್ಪೆಯನ್ನು ಮಳೆಗೆ ಮೊದಲೇ ಒಣಗಿಸಿ ಅಟ್ಟಕ್ಕೆ ಹಾಕಿಸಿ. ಅದಾದ ಮೇಲೂ ಅವರು ಗೀಜರ್ ಬೇಕೆಂದರೆ 15 ಲೀಟರಿನದು ಸಾಕು. ನಿಮ್ಮ ಸ್ನಾನದ ನೀರು ನೀವೇ ಕಾಯಿಸಿಕೊಳ್ಳುವುದಾದರೆ ಹಂಡೆಯ ಪರ ಮಾತಾಡಿ.